ಬಣ್ಣದ ಗುಂಡು ಕಲಿಸುವ ಪಾಠ

ಕ್ರಿ.ಶ. 1210ರಲ್ಲಿ ಲಾಹೋರಿನಲ್ಲಿ ಚೌಗಾನ್ ಆಡುತ್ತಿದ್ದಾಗ ಕುದುರೆಯಿಂದ ಬಿದ್ದು ಸುಲ್ತಾನ್ ಕುತ್ಬುದ್ದೀನ್ ಐಬಕ್ ಮೃತಪಟ್ಟರೆಂದು ನಾವು ಶಾಲೆಯ ಇತಿಹಾಸದಲ್ಲಿ ಓದಿದ್ದೇವೆ. ಇಂದು ಪೋಲೋ ಎಂದು ಕರೆಯಲಾಗುವ ಈ ಆಟ ಅಂದಿನ ಯೋಧರಿಗೆ ಬರೀ ಮೋಜಾಗಿರಲಿಲ್ಲ. ಕುದುರೆ, ಕೈ ಮತ್ತು ಕಣ್ಣು ಮೂರನ್ನೂ ಒಟ್ಟಿಗೆ ಪಳಗಿಸುವ ತರಬೇತಿಯಾಗಿತ್ತು. ಈಜಿಪ್ಟಿನ ಮಮ್ಲೂಕರು ಇಂತಹ ಕಲೆಗಳಿಗೆ 'ಫುರೂಸಿಯ್ಯ' ಎಂದು ಹೆಸರಿಟ್ಟು ಗ್ರಂಥಗಳನ್ನೇ ರಚಿಸಿದ್ದರು. ಎತ್ತರದ ಕಂಬದ ತುದಿಗೆ ಕಟ್ಟಿದ ಗುರಿಗೆ ಓಡುವ ಕುದುರೆಯ ಮೇಲಿಂದಲೇ ಬಾಣ ಬಿಡುವ 'ಕಬಕ್' ಅವುಗಳಲ್ಲೊಂದು. ತುರ್ಕಿ ಭಾಷೆಯಲ್ಲಿ ಕಬಕ್ ಎಂದರೆ ಸೋರೆಕಾಯಿ. ಸುಲ್ತಾನ್ ಬೈಬರ್ಸ್ (1260-1277) ಈ ಆಟಕ್ಕಾಗಿಯೇ ಕೈರೋದಲ್ಲಿ ಮೈದಾನವೊಂದನ್ನು ನಿರ್ಮಿಸಿದ್ದರು.

ಯುದ್ಧವನ್ನು ಯುದ್ಧದಲ್ಲೇ ಕಲಿಯಲು ಹೊರಟವನು ಕಲಿಯುವ ಮೊದಲೇ ಸಾಯಬಹುದು. ಆದ್ದರಿಂದ ಸಾಯದೆ, ಸಾಯಿಸದೆ ಕಲಿಸುವ ದಾರಿಯನ್ನು ಸೇನೆಗಳು ಎಲ್ಲಾ ಕಾಲದಲ್ಲೂ ಹುಡುಕಿವೆ. ಕತ್ತಿಯ ಕಾಲದಲ್ಲಿ ಮರದ ಕತ್ತಿ ಸಾಕಾಗಿತ್ತು. ಕೋವಿ ಬಂದ ಮೇಲೆ ಸಮಸ್ಯೆ ಜಟಿಲವಾಯಿತು. 1908ರ ಲಂಡನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಮುಖವಾಡ ಮತ್ತು ದಪ್ಪ ಅಂಗಿ ತೊಟ್ಟವರು ಪರಸ್ಪರ ಮೇಣದ ಗುಂಡು ಹಾರಿಸುವ ಪ್ರದರ್ಶನ ನಡೆಯಿತು. ಸೇನೆಗಳು ಹೆಚ್ಚಾಗಿ ನೆಚ್ಚಿಕೊಂಡಿದ್ದು ಸದ್ದು ಮಾತ್ರ ಮಾಡುವ ಖಾಲಿ ತೋಟಾಗಳನ್ನು. ಅದರಲ್ಲಿ ಯಾರಿಗೆ ಗುಂಡು ತಗುಲಿತು ಎಂಬುದೇ ತಿಳಿಯುವುದಿಲ್ಲ. "ನಾನು ಹೊಡೆದೆ", "ಇಲ್ಲ, ತಪ್ಪಿತು" ಎಂಬ ವಾದಕ್ಕೆ ಕೊನೆಯಿರುವುದಿಲ್ಲ.

ಈ ವಾದಕ್ಕೆ ಒಂದು ಉತ್ತರ ಬಂದದ್ದು ಸೇನೆಯ ಪ್ರಯೋಗಾಲಯದಿಂದಲ್ಲ, ಕಾಡಿನಿಂದ. ಕಡಿಯಬೇಕಾದ ಮರಗಳಿಗೆ ದೂರದಿಂದಲೇ ಗುರುತು ಹಾಕಲು ಅಮೆರಿಕದ ನೆಲ್ಸನ್ ಪೇಂಟ್ ಕಂಪೆನಿ ಬಣ್ಣದ ಗುಂಡು ಹಾರಿಸುವ ಕೋವಿಯನ್ನು ಮಾರಾಟಕ್ಕೆ ತಂದಿತು. ಗೋಪಾಲಕರು ಇದರಿಂದ ದನಗಳನ್ನು ಗುರುತಿಸುತ್ತಿದ್ದರು. ನಗರದಲ್ಲಿ ಬದುಕುವವನ ಜಾಣ್ಮೆ ಹೆಚ್ಚೋ, ಕಾಡು ಬಲ್ಲವನದು ಹೆಚ್ಚೋ ಎಂಬ ಗೆಳೆಯರ ಚರ್ಚೆಯೊಂದು ಈ ಸಾಧನದ ದಿಕ್ಕನ್ನೇ ಬದಲಿಸಿತು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬಲ್ಲಿ 12 ಮಂದಿ ಬಣ್ಣದ ಕೋವಿ ಹಿಡಿದು ಕಾಡಿಗಿಳಿದರು. ಇತರರ ಕೈಗೆ ಸಿಗದೆ ಬಾವುಟಗಳನ್ನು ಸಂಗ್ರಹಿಸಿ ತರುವುದು ಪಂದ್ಯ. ಗೆದ್ದವರು ಒಬ್ಬ ಅರಣ್ಯ ತಜ್ಞ. ಅವರು ಒಂದೇ ಒಂದು ಗುಂಡನ್ನೂ ಹಾರಿಸಿರಲಿಲ್ಲ!

ಇಂದು ಬೆಂಗಳೂರಿನ ಸುತ್ತಮುತ್ತಲಿನ ರೆಸಾರ್ಟ್‌ಗಳಲ್ಲೂ ಆಡಲಾಗುವ ಪೇಂಟ್‌ಬಾಲ್‌ನ ಹುಟ್ಟು ಇದು. ಜೆಲಟಿನ್ ಕವಚದೊಳಗೆ ನೀರಿನಲ್ಲಿ ತೊಳೆದುಹೋಗುವ ಬಣ್ಣ ತುಂಬಿದ ಈ ಗುಂಡಿನ ವ್ಯಾಸ ಸುಮಾರು 17 ಮಿಲಿಮೀಟರ್. ತಗುಲಿದರೆ ನೋವಾಗುತ್ತದೆ, ಚರ್ಮ ಕಂದುಗಟ್ಟುತ್ತದೆ. ತರಬೇತುದಾರರಿಗೆ ಬೇಕಾಗಿದ್ದುದೂ ಇದೇ. ಮರೆಯಿಂದ ಅನಗತ್ಯವಾಗಿ ತಲೆ ಎತ್ತಿದವನಿಗೆ ಆ ಕ್ಷಣವೇ ಪಾಠವಾಗುತ್ತದೆ. ಕಾಗದದ ಗುರಿ ತಿರುಗಿ ಗುಂಡು ಹಾರಿಸುವುದಿಲ್ಲ, ಎದುರಿಗಿರುವ ಮನುಷ್ಯ ಹಾರಿಸುತ್ತಾನೆ. ಕೋಣೆಯೊಳಗೆ ನುಗ್ಗುವುದು, ಸಂಗಡಿಗರೊಂದಿಗೆ ಹೊಂದಿಕೊಂಡು ಚಲಿಸುವುದು ಮುಂತಾದವುಗಳ ಅಭ್ಯಾಸಕ್ಕೆ ಬಣ್ಣದ ಗುಂಡು ಒದಗಿತು. ಸೈನಿಕನ ಸ್ವಂತ ಬಂದೂಕಿನಿಂದಲೇ ಹಾರಿಸಬಹುದಾದ, ಬಣ್ಣದ ಗುರುತು ಬಿಡುವ 'ಸಿಮ್ಯುನಿಷನ್' ತೋಟಾಗಳು ಕೆನಡಾದಲ್ಲಿ ತಯಾರಾದವು. ಅಮೆರಿಕದ ಸೇನೆ 1980ರ ಸುಮಾರಿಗೆ ಲೇಸರ್ ಕಿರಣ ಬಳಸುವ 'ಮೈಲ್ಸ್' ವ್ಯವಸ್ಥೆಯನ್ನು ತಂದಿತು. ಅದು ದೂರದವರೆಗೆ ತಲುಪುತ್ತದೆ, ಆದರೆ ನೋಯಿಸುವುದಿಲ್ಲ.

ಆದರೆ ಬಣ್ಣದ ಗುಂಡು ತಪ್ಪು ಪಾಠವನ್ನೂ ಕಲಿಸಬಲ್ಲದು. ಅದನ್ನು ಒಂದು ಪೊದೆ ತಡೆಯುತ್ತದೆ, ತೆಳು ಹಲಗೆ ತಡೆಯುತ್ತದೆ. ನಿಜವಾದ ಗುಂಡು ಎರಡನ್ನೂ ಸೀಳಿಕೊಂಡು ಹೋಗುತ್ತದೆ. ರೈಫಲ್ ನೂರಾರು ಮೀಟರ್ ದೂರದ ಗುರಿಯನ್ನು ಭೇದಿಸಿದರೆ, ಬಣ್ಣದ ಗುಂಡು ಕೆಲವೇ ಹತ್ತು ಮೀಟರ್‌ಗಳಾಚೆ ನೆಚ್ಚಿಕೆಗೆ ತಕ್ಕುದಲ್ಲ. ಪೊದೆಯೇ ರಕ್ಷಣೆ ಎಂದು ಮೈದಾನದಲ್ಲಿ ಕಲಿತವನು ರಣರಂಗದಲ್ಲಿ ಅದನ್ನೇ ನಂಬಿದರೆ ಗತಿಯೇನು?

ಇದೇ ಆಟ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. 2003ರ ಜೂನ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ 11 ಮಂದಿಯ ಮೇಲೆ ಆರೋಪ ಹೊರಿಸಲಾಯಿತು. ಅವರು ಕಾಡಿನಲ್ಲಿ ಆಡಿದ ಪೇಂಟ್‌ಬಾಲ್ ಯುದ್ಧ ತರಬೇತಿಯಾಗಿತ್ತೆಂಬುದು ಸರಕಾರದ ವಾದ. ಅವರಲ್ಲಿ ಕೆಲವರು ಪಾಕಿಸ್ತಾನದ ಲಷ್ಕರೆ ತಯ್ಯಿಬ ಶಿಬಿರಕ್ಕೆ ಹೋಗಿ ಬಂದಿದ್ದರು. ಇದನ್ನು ಮರೆಮಾಚಿ ಮಾತನಾಡುವುದು ಸತ್ಯಕ್ಕೆ ಬಗೆಯುವ ದ್ರೋಹ. ಕೆಲವರು ತಪ್ಪೊಪ್ಪಿಕೊಂಡರು, ಕೆಲವರಿಗೆ ಶಿಕ್ಷೆಯಾಯಿತು, ಇಬ್ಬರು ಖುಲಾಸೆಯಾದರು. ಆದರೆ ಪತ್ರಿಕೆಗಳು ಇಡೀ ಪ್ರಕರಣಕ್ಕೆ ಪೇಂಟ್‌ಬಾಲ್ ಹೆಸರನ್ನೇ ಅಂಟಿಸಿದವು. ಕಂಪೆನಿಯ ನೌಕರರು ಆಡಿದರೆ ಒಗ್ಗಟ್ಟಿನ ಅಭ್ಯಾಸ, ಸೈನಿಕರು ಆಡಿದರೆ ಕರ್ತವ್ಯ, ಗಡ್ಡ ಬಿಟ್ಟ ತರುಣರು ಆಡಿದರೆ ಸಂಶಯ ಎಂದಾಗಬಾರದು. ವಿಚಾರಣೆಗೆ ಒಳಗಾಗಬೇಕಾದದ್ದು ಕೃತ್ಯ ಮತ್ತು ಉದ್ದೇಶವೇ ಹೊರತು ಆಟವಲ್ಲ, ಆಡಿದವನ ಧರ್ಮವೂ ಅಲ್ಲ.

ಸೈನಿಕನ ಮಟ್ಟಿಗೂ ಇದು ನಿಜ. ಬಣ್ಣದ ಕೋವಿ ಕೈಯನ್ನು ಪಳಗಿಸುತ್ತದೆ. ಆ ಕೈ ಯಾವಾಗ ತಡೆಯಬೇಕೆಂಬುದನ್ನು ಬೇರೆ ಪಾಠದಿಂದಲೇ ಕಲಿಸಬೇಕು. ಬಾಗಿಲ ಹಿಂದೆ ಶತ್ರುವಿನ ಬದಲು ಒಬ್ಬ ತಾಯಿ ಮಗುವನ್ನೆತ್ತಿ ನಿಂತಿರಬಹುದು. ಅಭ್ಯಾಸದಲ್ಲಿ ಆಕೆಯ ಪಾತ್ರ ವಹಿಸಿದವರಿಗೆ ಗುಂಡು ತಗುಲಿದರೆ ತರಬೇತುದಾರ ಆಟ ನಿಲ್ಲಿಸುತ್ತಾನೆ, ತಪ್ಪು ತೋರಿಸುತ್ತಾನೆ, ಇನ್ನೊಮ್ಮೆ ಮಾಡಿಸುತ್ತಾನೆ. ಬಣ್ಣ ಬಿದ್ದವರು ಕೈಯೆತ್ತಿ ಹೊರಗೆ ನಡೆದು ಬರುತ್ತಾರೆ. ಹಾಗೆ ನಡೆದು ಬರುವ ಅವಕಾಶ ಯುದ್ಧದಲ್ಲಿ ಇಲ್ಲವೆಂಬುದು ಸೈನಿಕನಿಗೆ ಅಲ್ಲಿಯೇ ಮನದಟ್ಟಾಗಬೇಕು. ಅವನನ್ನು ಯುದ್ಧಕ್ಕೆ ಕಳುಹಿಸುವವರಿಗೆ ಅದಕ್ಕಿಂತಲೂ ಮೊದಲೇ ಆಗಬೇಕು.