ಲಯ ತಪ್ಪಿದ ನಾಡಿಯ ಚರಿತ್ರೆ

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ತೋಡಾರಿನಲ್ಲಿ ನಮ್ಮ ಬಂಧುವೊಬ್ಬರಿದ್ದಾರೆ. ಊರವರಿಗೆಲ್ಲ ಅವರು ಕಾಕ. ಎರಡು ವರ್ಷಗಳ ಹಿಂದೆ ಅವರ ಎದೆಬಡಿತ ತಾಳ ತಪ್ಪಿತು. ಆಸ್ಪತ್ರೆಯಲ್ಲಿ ಎದೆಗೆ ಕರೆಂಟು ಕೊಟ್ಟು ಸರಿಪಡಿಸಿದರು. ಮುಂದೆ ತೊಡೆಯ ರಕ್ತನಾಳದ ಮೂಲಕ ತೆಳು ನಳಿಕೆ ತೂರಿಸಿ ಹೃದಯದೊಳಗೆ ಸುಡುವ ಚಿಕಿತ್ಸೆಯೂ ಆಯಿತು. ಕಿತ್ತಳೆ ಹಿಡಿದು ಬಂದ ನೆಂಟರೆಲ್ಲ ‘ಅಲ್‌ಹಮ್ದುಲಿಲ್ಲಾಹ್, ಗುಣವಾಯಿತಲ್ಲ’ ಎಂದರು. ಐದನೆಯ ತಿಂಗಳಲ್ಲಿ ಒಂದು ರಾತ್ರಿ ಅದು ಮರಳಿ ಬಂತು.

ನಾವು ನೋಡಲು ಹೋದಾಗ ಕಾಕ ಮಣಿಕಟ್ಟನ್ನು ಮುಂದೆ ಚಾಚಿದರು. “ಇಷ್ಟು ಹಣ ಸುರಿದು, ಇಷ್ಟು ನೋವು ತಿಂದು ಪುನಃ ಅದೇ ಕಥೆ. ಇನ್ನು ಈ ಗುಳಿಗೆ ಯಾಕೆ ಮಾರಾಯ?” ಎಂದು ಕೇಳಿದರು. ಗುಳಿಗೆಯ ಡಬ್ಬಿ ಕಪಾಟಿನ ಮೇಲೆ ಧೂಳು ಹಿಡಿದು ಕೂತಿತ್ತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ನಮಗೆ ಒಂದು ದೀರ್ಘ ಚರಿತ್ರೆ ಎದುರಾಯಿತು.

ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಹೃದಯದ ಮೇಲಿನ ಎರಡು ಕೋಣೆಗಳು, ಅಂದರೆ ಹೃತ್ಕರ್ಣಗಳು, ಒಟ್ಟಾಗಿ ಸಂಕುಚಿಸದೆ ಬರೇ ಅದುರತೊಡಗುತ್ತವೆ. ಆಗ ನಾಡಿ ಒಮ್ಮೆ ಓಡುತ್ತದೆ, ಒಮ್ಮೆ ತಡವರಿಸುತ್ತದೆ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹಾರಿದರೆ ಪಾರ್ಶ್ವವಾಯು. ಈ ರೋಗವುಳ್ಳವರಲ್ಲಿ ಅದರ ಅಪಾಯ ಸುಮಾರು ಐದು ಪಟ್ಟು ಹೆಚ್ಚು.

ಹಳೆಯ ಹಕೀಮರು ನಬ್ಜ್ ಹಿಡಿದೇ ರೋಗ ಹೇಳುತ್ತಿದ್ದರು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತನ್ನ ‘ಅಲ್ ಕಾನೂನ್’ ಗ್ರಂಥದಲ್ಲಿ ನಾಡಿಗೂ ಸಂಗೀತಕ್ಕೂ ಇರುವ ಸಂಬಂಧವನ್ನು ವಿವರಿಸಿದ್ದಾನೆ. ಜಿಂಕೆಯ ನೆಗೆತದಂತಹ ನಾಡಿ, ಅಲೆಯಂತಹ ನಾಡಿ, ಇರುವೆ ನಡೆದಂತಹ ನಾಡಿ ಎಂದು ಹೆಸರಿಟ್ಟಿದ್ದಾನೆ. ಲಯ ತಪ್ಪುವುದನ್ನು ಬೆರಳು ಅರಿತಿತ್ತು. ಕಾರಣ ತಿಳಿಯಲು ಯಂತ್ರ ಬರಬೇಕಾಯಿತು. ಹಾಲೆಂಡಿನ ಐಂಥೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಸಿಜಿ ಯಂತ್ರವನ್ನು ರೂಪಿಸಿದರು. 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್, ಈ ಅಡ್ಡಾದಿಡ್ಡಿ ನಾಡಿಯ ಮೂಲ ಹೃತ್ಕರ್ಣದ ಅದುರುವಿಕೆ ಎಂದು ಆ ಯಂತ್ರದ ಗೆರೆಗಳಿಂದ ತೋರಿಸಿಕೊಟ್ಟರು.

ಮದ್ದಿನ ಕಥೆ ಇನ್ನೂ ಸ್ವಾರಸ್ಯಕರ. 1912ರಲ್ಲಿ ಡಚ್ ವ್ಯಾಪಾರಿಯೊಬ್ಬ ವೆಂಕೆಬಾಕ್ ಎಂಬ ವೈದ್ಯರ ಬಳಿ ಬಂದು ತನ್ನ ಎದೆಬಡಿತವನ್ನು ಸರಿಪಡಿಸುವಂತೆ ಕೇಳಿಕೊಂಡ. ತನ್ನಿಂದಾಗದು ಎಂದರು ವೈದ್ಯರು. ಹಾಗಿದ್ದರೆ ನಾಳೆ ಸರಿಯಾದ ನಾಡಿಯೊಂದಿಗೇ ಬರುತ್ತೇನೆ ಎಂದು ಹೊರಟ ಆತ, ಮರುದಿನ ಹಾಗೆಯೇ ಬಂದ. ಅವನು ನುಂಗಿದ್ದು ಒಂದು ಗ್ರಾಂ ಕ್ವಿನೈನ್. ಮಲೇರಿಯಾಕ್ಕೆಂದು ನಮ್ಮ ಘಟ್ಟದ ಬುಡದ ಹಿರಿಯರು ಮುಖ ಕಿವುಚಿ ನುಂಗಿದ ಅದೇ ಕಹಿ ಮದ್ದು! ಆದರೆ ವೆಂಕೆಬಾಕ್ ಅದನ್ನು ಬೇರೆ ರೋಗಿಗಳಿಗೆ ಕೊಟ್ಟು ನೋಡಿದಾಗ ಕೆಲವರಿಗಷ್ಟೇ ಗುಣ ಕಂಡಿತು. ಇಂದು ಬಳಕೆಯಲ್ಲಿರುವ ಅಮಿಯೋಡರೋನ್ ಎಂಬ ಮದ್ದಿನ ಬೇರೂ ಪೂರ್ವದಲ್ಲಿದೆ. ಈಜಿಪ್ಟಿನ ಜನ ಶತಮಾನಗಳಿಂದ ಬಳಸಿದ ‘ಖಿಲ್ಲಾ’ ಗಿಡದ ಸಾರದ ಅಧ್ಯಯನದಿಂದಲೇ ಬೆಲ್ಜಿಯಂನ ವಿಜ್ಞಾನಿಗಳು 1961ರಲ್ಲಿ ಅದನ್ನು ತಯಾರಿಸಿದರು.

1962ರಲ್ಲಿ ಅಮೆರಿಕದ ಬರ್ನಾರ್ಡ್ ಲೌನ್, ಎದೆಗೆ ಅಳತೆಯ ವಿದ್ಯುತ್ತು ಕೊಟ್ಟು ಲಯ ತಪ್ಪಿದ ಹೃದಯವನ್ನು ಸರಿಪಡಿಸುವ ವಿಧಾನವನ್ನು ಪ್ರಕಟಿಸಿದರು. ಕ್ಷಣದಲ್ಲಿ ಸರಿಯಾಗುತ್ತಿತ್ತು. ಆದರೆ ಒಂದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಮರಳುತ್ತಿತ್ತು. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಹೈಸಗೇರ್ ಮತ್ತು ಸಂಗಡಿಗರು ಹೊಸ ಸತ್ಯವೊಂದನ್ನು ಕಂಡರು. ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬಾಯಿಯಲ್ಲೇ ಈ ಕಿಡಿಗಳು ಹುಟ್ಟುತ್ತವೆ, ಅಲ್ಲಿ ಸುಟ್ಟರೆ ರೋಗ ಅಡಗುತ್ತದೆ. ಕಾಕನಿಗಾದ ಚಿಕಿತ್ಸೆಯ ಮೂಲ ಇದೇ. ಆ ಮೊದಲ ವರದಿಯಲ್ಲಿ ರೋಗಿಗಳು 45. ಎಂಟು ತಿಂಗಳ ಬಳಿಕವೂ ರೋಗ ಮರಳದೆ ಉಳಿದವರು 28. ಉಳಿದ 17 ಮಂದಿ?

ಓದುಗರೇ, ಇಲ್ಲಿ ನಾವು ಸ್ವಲ್ಪ ನಿಂತೆವು. ರೋಗ ಮರಳುವುದು ಕಾಕನ ದುರದೃಷ್ಟವಲ್ಲ, ಅವರ ಪಥ್ಯದ ತಪ್ಪೂ ಅಲ್ಲ. ಈ ಚಿಕಿತ್ಸೆ ಹುಟ್ಟಿದ ದಿನದಿಂದಲೇ ಮರಳಿಕೆಯೂ ಅದರ ಜೊತೆಗಿದೆ. ಸುಟ್ಟ ಜಾಗ ಮಾಯುವಾಗ ಎಲ್ಲೋ ಒಂದು ಎಳೆ ಪುನಃ ಕೂಡಿಕೊಳ್ಳುತ್ತದೆ, ಅಥವಾ ಹೊಸ ಜಾಗದಲ್ಲಿ ಕಿಡಿ ಹುಟ್ಟುತ್ತದೆ. ಮೊದಲ ಎರಡು-ಮೂರು ತಿಂಗಳಲ್ಲಿ ಕಾಣುವ ಏರುಪೇರನ್ನಂತೂ ವೈದ್ಯರು ಸೋಲೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ಬಂದರೆ ಮದ್ದು ಬದಲಿಸುವುದುಂಟು, ಎರಡನೆಯ ಬಾರಿ ಸುಡುವುದೂ ಉಂಟು.

ಗುಳಿಗೆ ಬಿಡುವ ಮಾತು ಮಾತ್ರ ಬೇರೆ. 2002ರಲ್ಲಿ ಪ್ರಕಟವಾದ ‘ಅಫರ್ಮ್’ ಅಧ್ಯಯನದಲ್ಲಿ 4,060 ರೋಗಿಗಳಿದ್ದರು. ಕೆಲವರಿಗೆ ಲಯವನ್ನೇ ಸರಿಪಡಿಸುವ ಮದ್ದು, ಕೆಲವರಿಗೆ ಬಡಿತದ ವೇಗ ತಗ್ಗಿಸುವ ಮದ್ದು ಮಾತ್ರ. ಬದುಕುಳಿಯುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಹೆಚ್ಚಿನವರು ರಕ್ತ ತೆಳುವಾಗಿಸುವ ಗುಳಿಗೆಯನ್ನು ನಿಲ್ಲಿಸಿದವರು ಅಥವಾ ಅದರ ಪ್ರಮಾಣ ಸಾಲದೆ ಹೋದವರು. ಗುಣವಾಯಿತೆಂದು ಬಿಡುವುದೂ ಅಪಾಯ, ಗುಣವಾಗಲಿಲ್ಲವೆಂದು ಬೇಸರದಿಂದ ಬಿಡುವುದೂ ಅಪಾಯ. ಕರಾವಳಿಯ ಮನೆಗಳಲ್ಲಿ ಈ ಎರಡನ್ನೂ ನಾವು ಕಂಡಿದ್ದೇವೆ.

ಆ ಗುಳಿಗೆ ವಾರ್ಫರಿನ್‌ನ ಹುಟ್ಟೂ ವಿಚಿತ್ರ. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಬೂಸಲು ಹಿಡಿದ ಹುಲ್ಲು ತಿಂದು ರಕ್ತ ಸುರಿದು ಸಾಯುತ್ತಿದ್ದವು. ಆ ವಿಷದ ಬೆನ್ನು ಹಿಡಿದವರು ರೂಪಿಸಿದ ವಾರ್ಫರಿನ್ ಮೊದಲು ಬಳಕೆಗೆ ಬಂದದ್ದು ಇಲಿಪಾಷಾಣವಾಗಿ. 1954ರಲ್ಲಿ ಅದೇ ಮನುಷ್ಯರ ಮದ್ದಾಯಿತು. ಇದನ್ನು ನುಂಗುವವರು ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಬಸಳೆ, ಹರಿವೆಯಂತಹ ಸೊಪ್ಪನ್ನು ಬಿಡಬೇಕಿಲ್ಲ, ಒಂದೇ ಅಳತೆಯಲ್ಲಿ ತಿನ್ನಬೇಕು. 2010ರ ನಂತರ ಈ ಪರೀಕ್ಷೆ ಬೇಡದ ಹೊಸ ಗುಳಿಗೆಗಳು ಬಂದಿವೆ. ಆದರೆ ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರಿಗೆ ಹಳೆಯದೇ ಮೇಲು ಎಂದು 2022ರ ಒಂದು ದೊಡ್ಡ ಅಧ್ಯಯನ ತೋರಿಸಿತು. ನಮಗಿದು ಮುಖ್ಯ. 2011-12ರಲ್ಲಿ ಭಾರತದ ಹೃದಯತಜ್ಞರು 1,537 ರೋಗಿಗಳನ್ನು ದಾಖಲಿಸಿದಾಗ ಸುಮಾರು ಅರ್ಧದಷ್ಟು ಮಂದಿಗೆ ಈ ಕವಾಟದ ತೊಂದರೆ ಇತ್ತು. ಬಾಲ್ಯದಲ್ಲಿ ಗಂಟಲುನೋವಿಗೆ ಸರಿಯಾದ ಮದ್ದು ಸಿಗದ ಬಡವರ ರೋಗವದು.

ಮರಳಿಕೆಯನ್ನು ತಡೆಯಲು ರೋಗಿಯ ಕೈಯಲ್ಲೂ ಒಂದಿಷ್ಟಿದೆ. ಬೊಜ್ಜುಳ್ಳವರು ಹತ್ತರಲ್ಲೊಂದು ಪಾಲು ತೂಕ ಇಳಿಸಿ ಉಳಿಸಿಕೊಂಡರೆ ರೋಗ ಮರಳುವುದು ಬಹಳ ಕಡಿಮೆಯಾಗುತ್ತದೆಂದು ಆಸ್ಟ್ರೇಲಿಯಾದ ವೈದ್ಯರು 2015ರಲ್ಲಿ ತೋರಿಸಿದ್ದಾರೆ. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಬೇಕು. ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ ಅದನ್ನೂ ಪರೀಕ್ಷಿಸಬೇಕು. ರಮಝಾನ್ ಬರುವ ಮುಂಚೆಯೇ ಗುಳಿಗೆಯ ಹೊತ್ತನ್ನು ವೈದ್ಯರಲ್ಲಿ ಕೇಳಿ ಇಫ್ತಾರ್, ಸಹರಿಗೆ ಹೊಂದಿಸಿಕೊಳ್ಳಬೇಕು. ಬಾಯಿ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ಇದನ್ನೆಲ್ಲ ಕಾಕನ ಮುಂದೆ ಹೇಳಿದೆವು. ಅವರು ಹೆಚ್ಚೇನೂ ಮಾತಾಡಲಿಲ್ಲ. “ಆ ಹದಿನೇಳು ಮಂದಿ ಏನಾದರು?” ಎಂದಷ್ಟೇ ಕೇಳಿದರು. ಅವರಿಗೂ ಮದ್ದು ಮುಂದುವರಿದಿರಬೇಕು ಎಂದೆವು. ಸ್ವಲ್ಪ ಹೊತ್ತಿನ ಬಳಿಕ ಮೊಮ್ಮಗಳನ್ನು ಕರೆದು ಕಪಾಟಿನ ಮೇಲಿನ ಡಬ್ಬಿ ಇಳಿಸಲು ಹೇಳಿದರು. ಬಿಟ್ಟಿದ್ದನ್ನು ಮತ್ತೆ ಹೇಗೆ ಶುರು ಮಾಡಬೇಕೆಂದು ಡಾಕ್ಟರರಲ್ಲಿ ಕೇಳಲು ಮರುದಿನ ಬೆಳಿಗ್ಗೆಯ ಬಸ್ಸಿಗೆ ನಾವಿಬ್ಬರೂ ಹೊರಟೆವು.