ಮಾಕುಟ್ಟದ ಮಣ್ಣು, ಪಾಂಡವರ ಕಲ್ಮನೆ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿ ಇಳಿದರೆ ಕೇರಳ. ದಾರಿಯುದ್ದಕ್ಕೂ ದಟ್ಟ ಕಾಡು. ಇಂಥ ಕಡೆ ಸಾವಿರಾರು ವರ್ಷಗಳ ಹಿಂದೆ ಯಾರಿದ್ದಿರ್ತಾರೆ ಬಿಡಿ, ಅಂತ ಅಂದುಕೊಳ್ಳೋದು ಸುಲಭ. ಪುಸ್ತಕಗಳಲ್ಲಿರುವ ಆದಿಮಾನವನ ನಕ್ಷೆ ನೋಡಿದರೂ ಹಾಗೇ ಅನ್ನಿಸುತ್ತೆ. ಕರ್ನಾಟಕದ ಚುಕ್ಕೆಗಳು ಹೆಚ್ಚಾಗಿರೋದು ಬಯಲುಸೀಮೆಯಲ್ಲಿ: ಹುಣಸಗಿ, ಸಂಗನಕಲ್ಲು, ಬ್ರಹ್ಮಗಿರಿ.

ಇದಕ್ಕೆ ಮಣ್ಣೂ ಒಂದು ಕಾರಣ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪ್ರೊ. ಕೆ. ಪದ್ದಯ್ಯ ಅವರ ತಂಡ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದ ಜಾಗವನ್ನೇ ಅಗೆದು ತೆಗೆಯಿತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಅಂತ ಹೇಳಿದ್ದು ಅಲ್ಲೇ ಸಿಕ್ಕ ಪ್ರಾಣಿಗಳ ಹಲ್ಲು. ಸುಣ್ಣಕಲ್ಲಿನ ನೆಲ ಆ ಹಲ್ಲನ್ನು ಕಾಪಾಡಿಕೊಂಡಿತ್ತು. ಮಾಕುಟ್ಟದಂಥ ಮಳೆಕಾಡಿನ ಕೆಂಪುಮಣ್ಣು ಹುಳಿ, ಆಮ್ಲದ ಅಂಶ ಹೆಚ್ಚು. ಅದರಲ್ಲಿ ಎಲುಬು ಕರಗಿಹೋಗುತ್ತೆ, ಮರ, ಬಿದಿರು, ಹುಲ್ಲಿನ ಗುಡಿಸಲಂತೂ ಕೇಳೋದೇ ಬೇಡ. ಹಾಗಾಗಿ ನಕ್ಷೆ ಖಾಲಿ ಇದೆ ಅಂದಮಾತ್ರಕ್ಕೆ ಕಾಡೂ ಖಾಲಿಯಿತ್ತು ಅಂತ ಹೇಳೋಕಾಗಲ್ಲ.

ಇಲ್ಲಿ ಉಳಿಯೋದು ಕಲ್ಲು. ಘಾಟಿಯ ಮೇಲೆ, ವಿರಾಜಪೇಟೆಯ ಸುತ್ತ ಬ್ರಿಟಿಷರು 1860ರ ದಶಕದಲ್ಲೇ ಕಲ್ಗೋರಿಗಳನ್ನು ಅಗೆದಿದ್ದರು. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಮುಚ್ಚಳ, ಕೆಲವಕ್ಕೆ ಒಂದು ಬದಿಯಲ್ಲಿ ಕಂಡಿ. ಒಳಗೆ ಮಡಕೆ, ಮಣಿ, ಕಬ್ಬಿಣದ ಚೂರು. ಕೊಡಗಿನವರು ಇವನ್ನು ಪಾಂಡವರ ಮನೆ ಅಂದುಕೊಂಡು ಪಾಂಡು ಪಾರೆ ಅನ್ನುತ್ತಿದ್ದರು. ಕಟ್ಟಿದವರು ಮಾತ್ರ ಕಬ್ಬಿಣ ಯುಗದ ಜನ.

ನನಗೆ ಮುಖ್ಯ ಅನ್ನಿಸೋದು ಇದು. ಅಷ್ಟು ಭಾರದ ಚಪ್ಪಡಿ ಎತ್ತೋಕೆ ಹತ್ತಾರು ಜನ ಸೇರಬೇಕು, ಅವರಿಗೆ ಊಟ ಹಾಕುವಷ್ಟು ದವಸ ಇರಬೇಕು, ಕಬ್ಬಿಣ ಕಾಯಿಸೋನೊಬ್ಬ, ಮಡಕೆ ಮಾಡೋನೊಬ್ಬ ಬೇಕು. ಸತ್ತವರೊಬ್ಬರಿಗಾಗಿ ಇಷ್ಟೆಲ್ಲ ಮಾಡ್ತಾರೆ ಅಂದರೆ ಅದು ಆಗಲೇ ಒಂದು ಸಮಾಜ. ರಾಜ, ಶಾಸನ ಬರೋದಕ್ಕೂ ಮುಂಚಿನದು.

ಆದರೆ ಗೋರಿಯ ವಯಸ್ಸು, ಕಥೆ ಎಲ್ಲ ಇರೋದು ಯಾವ ವಸ್ತು ಯಾವ ಪದರದಲ್ಲಿತ್ತು ಅನ್ನೋದರಲ್ಲಿ. ನಿಧಿ ಆಸೆಗೆ ಅಗೆದರೆ, ಚಪ್ಪಡಿ ಯಾರದೋ ಮನೆ ಮೆಟ್ಟಿಲಾದರೆ, ಕಥೆ ಮುಗೀತು. 2018ರ ಮಳೆಗಾಲದಲ್ಲಿ ಮಾಕುಟ್ಟದ ರಸ್ತೆಬದಿ ಗುಡ್ಡಗಳು ಕುಸಿದಿದ್ದು ನೆನಪಿದೆಯಲ್ಲ? ಅಂಥ ಮಣ್ಣನ್ನು ಜೆಸಿಬಿ ಬಳಿದು ಹಾಕುವಾಗ ಅದರಲ್ಲಿ ಮಡಕೆ ಚೂರಿದೆಯಾ ಅಂತ ನೋಡುವವರು ಯಾರು?

ನಿಮ್ಮೂರ ತೋಟದಲ್ಲಿ, ಗುಡ್ಡದಲ್ಲಿ ಇಂಥ ಕಲ್ಲುಗಳಿದ್ದರೆ ಕೈ ಹಚ್ಚದೆ ಫೋಟೋ ತೆಗೆಯಿರಿ, ಪುರಾತತ್ವ ಇಲಾಖೆಗೆ ತಿಳಿಸಿ, ನಿಮ್ಮ ಬ್ಲಾಗಿನಲ್ಲೂ ಬರೆಯಿರಿ. ಅಲ್ಲಿ ಅದಕ್ಕೆ ಏನಂತ ಕರೀತಾರೆ ಅನ್ನೋದನ್ನು ಮರೀಬೇಡಿ.