ಕಾಗದದಲ್ಲಿ ಉಳಿಯದ ಬೆಳಕು

ತಂತಿ ಸಂದೇಶಗಳ ಚರಿತ್ರೆ ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಒಂದು ಪುಟ್ಟ ಕನ್ನಡಿ. ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) 1858ರಲ್ಲಿ ರೂಪಿಸಿದ ಗ್ಯಾಲ್ವನೋಮೀಟರಿನದು. ಬೆನ್ನಿಗೆ ಸಣ್ಣ ಅಯಸ್ಕಾಂತಗಳನ್ನು ಅಂಟಿಸಿದ ಆ ಕನ್ನಡಿ ತಂತಿಸುರುಳಿಯ ನಡುವೆ ರೇಷ್ಮೆ ಎಳೆಯಲ್ಲಿ ತೂಗುತ್ತಿತ್ತು. ಸುರುಳಿಯಲ್ಲಿ ಕ್ಷೀಣ ವಿದ್ಯುತ್ ಹರಿದರೂ ಸಾಕು, ಕನ್ನಡಿ ಕೂದಲೆಳೆಯಷ್ಟು ತಿರುಗುತ್ತದೆ; ಅದರಿಂದ ಪ್ರತಿಫಲಿಸಿದ ದೀಪದ ಚುಕ್ಕೆ ದೂರದ ಅಳತೆಪಟ್ಟಿಯ ಮೇಲೆ ಕಣ್ಣಿಗೆ ಕಾಣುವಷ್ಟು ಸರಿಯುತ್ತದೆ. ತೂಕವೇ ಇಲ್ಲದ ಮುಳ್ಳು! ಇದಕ್ಕಿಂತ ಸರಳ ಜಾಣತನವನ್ನು ನಾನು ಕಂಡಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದಡಿಯ ಮೊದಲ ಕೇಬಲ್ ಐರ್ಲೆಂಡನ್ನೂ ನ್ಯೂಫೌಂಡ್‌ಲ್ಯಾಂಡನ್ನೂ ಕೂಡಿಸಿತು. ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್‌ಗೆ ತನ್ನದೇ ಯಂತ್ರವೆಂದರೆ ಹಠ. ಅದು ಕೈಕೊಟ್ಟಾಗ ಆತ ಗುಟ್ಟಾಗಿ ಥಾಮ್ಸನ್ನನ ಕನ್ನಡಿಯಲ್ಲೇ ಸಂದೇಶ ಓದಿಸಿ, ತನ್ನ ಯಂತ್ರದ ಕಾಗದಪಟ್ಟಿಯಲ್ಲಿ ಬಂದದ್ದೆಂಬಂತೆ ತೋರಿಸಿದ. ಮೊದಲೇ ದುರ್ಬಲವಾಗಿದ್ದ ಕೇಬಲ್ಲಿಗೆ ಸುಮಾರು 2000 ವೋಲ್ಟ್ ಹಾಯಿಸಿದ್ದೂ ಅವನೇ. ಸುಮಾರು ಮೂರು ವಾರಗಳಲ್ಲಿ ಅದು ಮೂಕವಾಯಿತು.

ಚರಿತ್ರೆಯ ವಿದ್ಯಾರ್ಥಿಗೆ ತೊಡಕಿರುವುದು ಇಲ್ಲೇ. ನಾವು ನಂಬುವುದು ಕಾಗದವನ್ನು. ಇಲ್ಲಿ ಸುಳ್ಳು ಹೇಳಿದ್ದು ಕಾಗದ. ನಿಜ ಹೇಳಿದ ಬೆಳಕು ಗುರುತು ಉಳಿಸಲಿಲ್ಲ. ಮಬ್ಬುಗತ್ತಲ ಕೋಣೆಯಲ್ಲಿ ಕೂತು, ಚುಕ್ಕೆ ಎಡಕ್ಕೋ ಬಲಕ್ಕೋ ಎಂದು ಕಣ್ಣು ನೆಟ್ಟು ಓದುತ್ತಿದ್ದ ಗುಮಾಸ್ತರ ಕತೆಯೂ ಅಷ್ಟೇ. ಶಾಯಿಯಲ್ಲಿ ಬರೆಯುವ ಸೈಫನ್ ರೆಕಾರ್ಡರನ್ನು ಥಾಮ್ಸನ್ ರೂಪಿಸಿದ್ದು 1867ರಲ್ಲಿ.

ಕನ್ನಡಿ ಮಾತ್ರ ಮೂಲೆ ಸೇರಲಿಲ್ಲ. ಇಂದಿನ ಕಣ್ಣಾಸ್ಪತ್ರೆಗಳ ಅನೇಕ ಓಸಿಟಿ ಯಂತ್ರಗಳಲ್ಲಿ ಅದರ ವಂಶದ ಎರಡು ಗ್ಯಾಲ್ವೋ ಕನ್ನಡಿಗಳು ಕಿರಣವನ್ನು ಅಕ್ಷಿಪಟಲದ ಮೇಲೆ ಅಡ್ಡಕ್ಕೂ ಉದ್ದಕ್ಕೂ ಓಡಿಸುತ್ತವೆ. ಈ ಸಲ ಚುಕ್ಕೆ ಹೋದಲ್ಲೆಲ್ಲ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ.